ಕುಕ್ ಟೌನಿನ ಬಿಸಿನೀರು ಸೂಚ್ಯಂಕ

ಹಣದುಬ್ಬರ ಇಳಿದಿದೆ ಎಂದು ಟಿ.ವಿ.ಯಲ್ಲಿ ಒಬ್ಬ ತಜ್ಞರು ನಗುನಗುತ್ತಾ ಹೇಳಿದ ಸಂಜೆ ನನಗೆ ಮೈಯೆಲ್ಲ ಉರಿದುಹೋಯಿತು. ಆ ಮಹಾನುಭಾವರು ಜೀವಮಾನದಲ್ಲಿ ಒಮ್ಮೆಯಾದರೂ ಕೈಚೀಲ ಹಿಡಿದು ಶಿವಾಜಿನಗರದ ಮಾರ್ಕೆಟ್ಟಿಗೆ ಹೋದಂತೆ ಕಾಣಲಿಲ್ಲ. ಕೋಟು ಹಾಕಿಕೊಂಡವರ ಪಾಲಿಗೆ ಬೆಲೆ ಯಾವಾಗಲೂ ಇಳಿದೇ ಇರುತ್ತದೆ.

"ಇವರ ಲೆಕ್ಕ ನಂಬಬಾರದು. ನಾನೇ ಅಳೀತೀನಿ," ಎಂದು ಹೆಂಡತಿ ಮಾಲತಿಗೆ ಹೇಳಿದೆ.

"ಏನನ್ನ?"

"ಹಣದುಬ್ಬರಾನ."

ಮಾಲತಿ ಫ್ರೇಜರ್ ಟೌನಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ತಿದ್ದುತ್ತಿದ್ದ ಉತ್ತರಪತ್ರಿಕೆಯಿಂದ ತಲೆಯೆತ್ತದೆ, "ಅಳೆದಾದ ಮೇಲೆ ಹಾಲು ತನ್ನಿ," ಎಂದಳು.

ನನ್ನ ತರ್ಕ ಸರಳವಾಗಿತ್ತು. ತರಕಾರಿಯ ಬೆಲೆ ಮಳೆಯನ್ನು ನೋಡುತ್ತದೆ, ಬಟ್ಟೆಯ ಬೆಲೆ ಹಬ್ಬವನ್ನು ನೋಡುತ್ತದೆ. ಸ್ನಾನದ ಬಿಸಿನೀರು ಮಾತ್ರ ಯಾರ ಮುಖವನ್ನೂ ನೋಡುವುದಿಲ್ಲ. ನೀರು ಕಾಯಿಸುವ ಖರ್ಚು ಏರಿದರೆ ದೇಶದಲ್ಲಿ ಬೆಲೆ ಏರಿತೆಂದೇ ಅರ್ಥ. ಅರ್ಥಶಾಸ್ತ್ರವನ್ನು ನಾನು ಪಿಯುಸಿಯಲ್ಲಿ ಓದಿದ್ದೆ, ಅದೂ ಎರಡು ಸಲ.

ಕೂಡಲೇ ಗೀಸರಿಗೆಂದೇ ಬೇರೆ ಮೀಟರು ತಂದೆ. ಅದನ್ನು ಕೂರಿಸಲು ಜಾಗ ಸಾಲದೆ ಗೀಸರನ್ನೇ ಪಕ್ಕದ ಗೋಡೆಗೆ ಸರಿಸಬೇಕಾಯಿತು. ಪ್ಲಂಬರನ್ನು ಕರೆಸೋಣ ಎಂದಳು ಮಾಲತಿ. ಎರಡು ಪೈಪು ಜೋಡಿಸಲು ಪ್ಲಂಬರನ್ನು ಕರೆಯುವ ಜನರಿಂದಲೇ ಹಣದುಬ್ಬರ ಆಗುವುದೆಂದು ಅವಳಿಗೆ ತಿಳಿಹೇಳಿ, ನಾನೇ ಜೋಡಿಸಿದೆ. ನೀರು ಸೋರಲಿಲ್ಲ. ನನಗೇ ಆಶ್ಚರ್ಯವಾಯಿತು.

ಅಂದಿನಿಂದ ಮೀಟರು ಬಿಟ್ಟ ಕುದುರೆಯಂತೆ ಓಡಿತು. ತಿಂಗಳು ಮುಗಿದಾಗ ಬಿಲ್ಲು ಹೆಚ್ಚುಕಡಿಮೆ ದುಪ್ಪಟ್ಟು. ಕರೆಂಟ್ ಬಿಲ್ಲು ನೋಡಿ ಕುಣಿದಾಡಿದ ಗಂಡಸು ಇಡೀ ಕುಕ್ ಟೌನಿನಲ್ಲಿ ನಾನೊಬ್ಬನೇ ಇರಬೇಕು.

ಮಾಲತಿ ಬಿಲ್ಲನ್ನು ಕಿತ್ತುಕೊಂಡು ನೋಡಿದಳು. "ರೀ, ರೇಟು ಹೋದ ತಿಂಗಳದ್ದೇ ಇದೆ. ಏರಿರೋದು ಯೂನಿಟ್ಟು. ಕರೆಂಟು ಎಲ್ಲೋ ಪೋಲಾಗ್ತಿದೆ."

"ನಿಂದು ಗಣಿತ. ಇದು ಅರ್ಥಶಾಸ್ತ್ರ."

"ಬಕೆಟ್ಟು ಅರ್ಧ ತುಂಬೋ ಹೊತ್ತಿಗೆ ನೀರು ತಣ್ಣಗಾಗ್ತಿದೆ, ಗೊತ್ತಾ?"

"ನೋಡು, ದುಡ್ಡು ಜಾಸ್ತಿ, ಮಾಲು ಕಮ್ಮಿ. ಹಣದುಬ್ಬರ ಅಂದ್ರೆ ಇದೇ."

ಅವಳು ಹಿಂದಿನ ಬೆಂಚಿನ ಹುಡುಗರನ್ನು ನೋಡುವ ಹಾಗೆ ನನ್ನನ್ನು ನೋಡಿ, ಸ್ನಾನಕ್ಕೆ ಒಲೆಯ ಮೇಲೆ ನೀರಿಟ್ಟುಕೊಂಡಳು.

ನನ್ನ ಸಂಶೋಧನೆಯ ಸುದ್ದಿ ಬಡಾವಣೆಯಲ್ಲಿ ಹಬ್ಬಿತು. ಹಬ್ಬಿಸಿದವನು ನಾನೇ. ನಿವಾಸಿಗಳ ಸಂಘದ ಅಧ್ಯಕ್ಷರು ಭಾನುವಾರದ ಸಭೆಯಲ್ಲಿ ಮಾತಾಡಿ ಎಂದರು. ಬೇಡ ಎನ್ನುವ ಸೌಜನ್ಯಕ್ಕೂ ಬಿಡುವು ಕೊಡದೆ ಒಪ್ಪಿಕೊಂಡೆ.

ಸಭೆಯಲ್ಲಿ ನಾನು ತಜ್ಞರನ್ನು ಹಿಗ್ಗಾಮುಗ್ಗಾ ಜಾಡಿಸಿದೆ. ಅವರ ಎ.ಸಿ. ಕೋಣೆ, ಅವರ ಗ್ರಾಫು, ಅವರ ಟೈ, ಯಾವುದನ್ನೂ ಬಿಡಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಒಳ್ಳೆಯದಲ್ಲ, ಅದು ಬಿದ್ದ ಮೇಲೆ ಮನುಷ್ಯ ಸುಮ್ಮನೆ ಕೂರುವುದಿಲ್ಲ.

"ನಮ್ಮ ಕಟ್ಟಡದಲ್ಲೇ ಬಿಸಿನೀರಿನ ಖರ್ಚು ದುಪ್ಪಟ್ಟಾಗಿದೆ. ಇಲ್ಲ ಅನ್ನೋರಿದ್ರೆ ಎದ್ದು ನಿಲ್ಲಲಿ," ಎಂದು ಗುಡುಗಿದೆ.

ಮೊದಲ ಸಾಲಿನಲ್ಲಿ ಜುಬೇದಮ್ಮ ಕುರ್ಚಿ ಹಿಡಿದು ನಿಧಾನವಾಗಿ ಎದ್ದರು. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರೇ ಇರುವ ವಯಸ್ಸಾದ ಹೆಂಗಸು. ಮಂಡಿನೋವು ಅವರ ಹಳೆಯ ನೆಂಟ.

"ನಾನಿದೀನಿ ಬೇಟಾ. ನಮ್ಮನೇಲಿ ಬಿಸಿನೀರು ಮುಫತ್ತು."

"ಅಂದ್ರೆ?"

"ನಮ್ದುಕ್ಕೆ ಗೀಸರ್ ಎಲ್ಲಿದೆ? ಗ್ಯಾಸ್ ಮೇಲೆ ಕಾಯಿಸಿ, ಪಾತ್ರೆ ಎತ್ಕೊಂಡು ಹೋಗೋದ್ರಲ್ಲೇ ಮಂಡಿ ಹೋಯ್ತು. ಈಗ ನಲ್ಲಿ ತಿರುಗಿಸಿದ್ರೆ ಸಾಕು, ಬಿಸಿನೀರೇ ಬರ್ತದೆ. ಅಲ್ಲಾನ ಮೆಹರ್ಬಾನಿ."

ಹಿಂದಿನಿಂದ ಮಾಲತಿಯ ಧ್ವನಿ ಕೇಳಿಸಿತು. "ಯಾವಾಗಿಂದ ಅಮ್ಮ?"

"ನಿಮ್ ಬಾತ್‌ರೂಮಲ್ಲಿ ಧಡಧಡ ಅಂತ ಕುಟ್ಟಿದ್ರಲ್ಲ, ಅವತ್ತಿಂದ."

"ಹಾಗಾದ್ರೆ ಆ ಮೆಹರ್ಬಾನೀಲಿ ನಮ್ಮ ಯಜಮಾನ್ರ ಕೈಯೂ ಇದೆ."

ಸಭೆಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ನಗು ನಿಲ್ಲಿಸಲು ಅಧ್ಯಕ್ಷರೇ ಮೇಜು ಕುಟ್ಟಬೇಕಾಯಿತು. ಅವರೂ ನಗುತ್ತಲೇ ಕುಟ್ಟಿದರು. ನಾನು ವಂದನೆಗಳನ್ನು ಹೇಳದೆ ವೇದಿಕೆಯಿಂದ ಇಳಿದೆ.

ಅದೇ ಮಧ್ಯಾಹ್ನ ಪ್ಲಂಬರು ಬಂದ. ಗೀಸರಿನ ಬಿಸಿನೀರನ್ನು ನಾನು ನಮ್ಮ ನಲ್ಲಿಯ ಜೊತೆಗೆ ಕೆಳಮನೆಗೆ ಇಳಿಯುವ ಪೈಪಿಗೂ ಸೇರಿಸಿಬಿಟ್ಟಿದ್ದೆ. ನಾನು ತಿಂಗಳಿಡೀ ಅಳೆದದ್ದು ದೇಶದ ಬೆಲೆಯೇರಿಕೆಯನ್ನಲ್ಲ, ಜುಬೇದಮ್ಮನ ಸ್ನಾನವನ್ನು. ಪ್ಲಂಬರು ಪೈಪು ಬೇರ್ಪಡಿಸಿ ಹೋದ. ಅವನ ಕೂಲಿಯನ್ನು ಮಾಲತಿ ಕರೆಂಟ್ ಬಿಲ್ಲಿನ ಹಿಂದೆ ಬರೆದು ಕೂಡಿಸಿದಳು.

ಮರುದಿನ ಬೆಳಿಗ್ಗೆ ಕೆಳಗಿನಿಂದ ಕರೆ ಬಂತು. "ಬೇಟಾ, ನೀರು ತಣ್ಣಗೆ ಬರ್ತಾ ಇದೆ."

ಆ ಮಂಡಿಗಳು ಮತ್ತೆ ಪಾತ್ರೆ ಹೊರುವುದನ್ನು ನೋಡಲು ನನಗೂ ಆಗಲಿಲ್ಲ, ಮಾಲತಿಯಂತೂ ಬಿಡುವ ಹಾಗಿರಲಿಲ್ಲ.

ಹಾಗಾಗಿ ಈಗ ದಿನಾ ಬೆಳಿಗ್ಗೆ ನಾನು ಪಂಚೆ ಎತ್ತಿ ಕಟ್ಟಿ, ಒಂದು ಬಕೆಟ್ ಬಿಸಿನೀರು ಹಿಡಿದು ಮೆಟ್ಟಿಲಿಳಿಯುತ್ತೇನೆ. ಜುಬೇದಮ್ಮ ಬಾಗಿಲು ತೆರೆದು, ಬೆರಳು ಅದ್ದಿ ನೋಡಿ, ಪ್ರೀತಿಯಿಂದಲೇ ಹೇಳುತ್ತಾರೆ:

"ಪೈಪಲ್ಲಿ ಬರೋವಾಗ ಇನ್ನೂ ಬಿಸಿ ಇತ್ತು ಬೇಟಾ."