ಕಸದ ಗಾಡಿಯಲ್ಲಿ ಬಂದ ನಿಂಗವ್ವ

ಗೌರೀಶನ ಹತ್ತಿರ ಎರಡು ಕರಿ ಪೆನ್ ಡ್ರೈವ್ ಇದ್ದವು. ಎರಡನ್ನೂ ಯಾವುದೋ ಬೀಜದ ಕಂಪನಿಯವರು ರೈತರ ಸಭೆಯಲ್ಲಿ ಪುಕ್ಕಟೆ ಹಂಚಿದ್ದರು. ಒಂದಕ್ಕಾದರೂ ಗುರುತಿನ ಚೀಟಿ ಅಂಟಿಸಬೇಕೆಂದು ಅವನು ಆರು ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದ. ಇಡೀ ಊರಿನ ಪಹಣಿ, ಆಧಾರ್, ಪಾಸ್‌ವರ್ಡುಗಳನ್ನು ಬೇರೆ ಬೇರೆ ಫೋಲ್ಡರಿನಲ್ಲಿ ಅಚ್ಚುಕಟ್ಟಾಗಿ ಇಡುವ ಮನುಷ್ಯನಿಗೆ ತನ್ನದೊಂದು ಚೀಟಿ ಅಂಟಿಸಲು ಮಾತ್ರ ಪುರುಸೊತ್ತು ಸಿಕ್ಕಿರಲಿಲ್ಲ.

ಸಂಶಿಗೆ ಹತ್ತಿರದ ಎರೆಹಾಳ ಎಂಬ ಊರಲ್ಲಿ, ತನ್ನ ಮನೆಯ ಮುಂದಿನ ಖೋಲಿಯಲ್ಲೇ ಗೌರೀಶ ಆನ್‌ಲೈನ್ ಸೆಂಟರ್ ಇಟ್ಟಿದ್ದ. ವಯಸ್ಸು ಮೂವತ್ತು. ಹಗಲು ಊರವರ ಅರ್ಜಿ ತುಂಬುತ್ತಿದ್ದ, ಉಳಿದ ಹೊತ್ತು ಕತೆ ಬರೆಯುತ್ತಿದ್ದ. ಇಲ್ಲಿಯವರೆಗೆ ಹನ್ನೊಂದು ಸ್ಪರ್ಧೆಗಳಿಗೆ ಕಳಿಸಿದ್ದ. ಹನ್ನೊಂದರಿಂದಲೂ 'ಭಾಗವಹಿಸಿದ್ದಕ್ಕೆ ಧನ್ಯವಾದ' ಎಂಬ ಪ್ರಮಾಣಪತ್ರಗಳು ಮೇಲ್‌ನಲ್ಲಿ ಬಂದಿದ್ದವು. ಅವನ್ನು ತಾನೇ ಕಲರ್ ಪ್ರಿಂಟ್ ತೆಗೆದು, ತಾನೇ ಲ್ಯಾಮಿನೇಶನ್ ಮಾಡಿ, ತಾನೇ ಗೋಡೆಗೆ ಹಾಕಿಕೊಂಡಿದ್ದ.

ಹನ್ನೆರಡನೆಯ ಸ್ಪರ್ಧೆ 'ಕಿವಿಗತೆ' ಎಂಬ ಹೊಸ ಆ್ಯಪಿನವರದು. ಕತೆಯನ್ನು ಧ್ವನಿಯಲ್ಲಿ ಕಳಿಸಬೇಕು. ಗೆದ್ದವರಿಗೆ ಒಂದು ವರ್ಷ, ವಾರಕ್ಕೊಂದು ಕತೆಯ ಅವಕಾಶ. ಗಡುವು ಇವತ್ತು ಸಂಜೆ ಐದು ಗಂಟೆ. ಇಷ್ಟು ದೊಡ್ಡ ಬಾಗಿಲು ತನ್ನ ಜನ್ಮದಲ್ಲಿ ಮತ್ತೆ ತೆರೆಯುವುದಿಲ್ಲ ಎಂದು ಗೌರೀಶನಿಗೆ ಖಾತ್ರಿಯಾಗಿತ್ತು. ಕತೆ ಮುಕ್ಕಾಲು ಆಗಿತ್ತು, ಕೊನೆ ಮಾತ್ರ ಹೊಳೆದಿರಲಿಲ್ಲ. ತನ್ನ ದನಿ ಸದಾ ನೆಗಡಿಯಾದವರ ದನಿಯಂತೆ ಕೇಳುತ್ತದೆಂಬ ಕೊರಗಿನಿಂದ, ಬರೆದಷ್ಟನ್ನು ಕಂಪ್ಯೂಟರಿನ ಹೆಣ್ಣುದನಿಯಿಂದ ಓದಿಸಿ, ಕೇಳಿ ನೋಡಲೆಂದು ಒಂದು ಪೆನ್ ಡ್ರೈವಿಗೆ ಹಾಕಿದ್ದ. ಇನ್ನೊಂದರಲ್ಲಿ ಪಂಚಾಯ್ತಿಯ ಪ್ರಕಟಣೆ ಇತ್ತು: ಹಸಿ ಕಸ ಬೇರೆ, ಒಣ ಕಸ ಬೇರೆ, ಗುರುವಾರ ನಳದ ನೀರು ಬರುವುದಿಲ್ಲ.

ಬೆಳಗ್ಗೆ ಏಳಕ್ಕೆ ಶಗುಫ್ತಾ ಬಂದಳು. ಮಹಿಳಾ ಸಂಘದಿಂದ ತರಬೇತಿ ಪಡೆದು ಪಂಚಾಯ್ತಿಯ ಕಸದ ಗಾಡಿ ಓಡಿಸುವವಳು ಅವಳೇ. ಗೌರೀಶ ಹಲ್ಲುಜ್ಜುತ್ತ, ಮೇಜಿನ ಮೇಲಿದ್ದ ಪೆನ್ ಡ್ರೈವನ್ನು ಒಯ್ಯುವಂತೆ ಕೈಸನ್ನೆ ಮಾಡಿದ. ಅವಳು ಒಯ್ದಳು.

ಎರೆಹಾಳದಲ್ಲಿ ಒಂದು ನಂಬಿಕೆಯಿದೆ. ಟೀವಿಯಲ್ಲಿ ಬಂದದ್ದು ಸುಳ್ಳಿರಬಹುದು, ವಾಟ್ಸಾಪಿನಲ್ಲಿ ಬಂದದ್ದಂತೂ ಸುಳ್ಳೇ ಇರಬಹುದು, ಆದರೆ ಕಸದ ಗಾಡಿಯ ಮೈಕಿನಲ್ಲಿ ಬಂದದ್ದು ಸರಕಾರದ ಮಾತು. ನೀರು ಬರುವುದಿಲ್ಲ ಎಂದು ಗಾಡಿ ಹೇಳಿದ ದಿನ ಒಮ್ಮೆಯೂ ನೀರು ಬಂದಿರಲಿಲ್ಲ. ಹೀಗಾಗಿ ಅಂದು ಮೊದಲ ಓಣಿಯಲ್ಲಿ, "ನಿಂಗವ್ವ, ವಯಸ್ಸು ಅರವತ್ತೆಂಟು, ಇಂದು ಗಂಡನ ಮನೆ ಬಿಟ್ಟು ಹೊರಟಳು" ಎಂದು ಮೈಕು ಗಂಭೀರವಾಗಿ ಸಾರಿದಾಗ, ಬಕೆಟ್ ಹಿಡಿದು ಬಂದ ಹೆಂಗಸರೆಲ್ಲ ಕಸ ಸುರಿಯುವುದನ್ನು ಮರೆತು ನಿಂತರು.

ಗೌರೀಶ ಬಾಯಿತುಂಬ ನೊರೆಯಿಟ್ಟುಕೊಂಡೇ ಓಡಿದ. ಮೈಕಿನ ಗದ್ದಲದಲ್ಲಿ ಶಗುಫ್ತಾಗೆ ಅವನ ಕೂಗು ಕೇಳಲಿಲ್ಲ. ಕನ್ನಡಿಯಲ್ಲಿ ಅವನು ಕಂಡದ್ದು ನಿಜ, ಆದರೆ ತಡವಾಗಿ ಕಸ ತರುವವರಿಗಾಗಿ ಗಾಡಿ ನಿಲ್ಲಿಸಬಾರದೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಮೂರನೆಯ ಓಣಿಯಲ್ಲಿ ಗಾಡಿ ಕೈಗೆ ಸಿಗುವಷ್ಟರಲ್ಲಿ ಕತೆ ಬರೆದಷ್ಟೂ ಎರಡು ಸಲ ಕೇಳಿಸಿಯಾಗಿತ್ತು. ಐವತ್ತು ವರ್ಷ ದಿನವೂ ಬಾಯಿಗಿಡುವ ಮೊದಲೇ "ಪಲ್ಯಕ್ಕೆ ಉಪ್ಪು ಕಡಿಮೆ" ಎಂದ ಗಂಡ, ಒಂದು ಮುಂಜಾನೆ ಸುಮ್ಮನೆ ಎದ್ದು ಹೊರಟ ಹೆಂಡತಿ, ಬಸ್ ಸ್ಟ್ಯಾಂಡು, ಬಂದು ನಿಂತ ಬಸ್ಸು. ನಿಂಗವ್ವ ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟಳು. ಅಲ್ಲಿಗೆ ದನಿ ನಿಂತಿತ್ತು.

ಗೌರೀಶ ಪೆನ್ ಡ್ರೈವ್ ಕಿತ್ತುಕೊಂಡ. ಶಗುಫ್ತಾ ಅವನ ಕೈ ಹಿಡಿದಳು.

"ಅಕಿ ಹತ್ತಿದ್ಲೋ ಇಲ್ಲೋ, ಗೌರೀಶಣ್ಣ? ಅಷ್ಟು ಹೇಳಿ ಒಯ್ಯಿ."

ಇನ್ನೂ ಬರೆದಿಲ್ಲ ಎಂದು ಅವನು ಹೇಳಿದ್ದನ್ನು ಯಾರೂ ನಂಬಲಿಲ್ಲ. ಅಲ್ಲೇ ಓಣಿಯಲ್ಲಿ ಪಕ್ಷಗಳಾದವು. ಹೆಂಗಸರು ಹತ್ತಬೇಕು ಎಂದರು. ಗಂಡಸರು ಇಳಿಯಬೇಕು ಎಂದರು. ಒಬ್ಬ ಮುದುಕ ಮಾತ್ರ, ಕಾಲಿಟ್ಟ ಬಸ್ಸು ಯಾವ ಊರಿನದು ಎಂದು ಗೊತ್ತಾಗದೆ ತಾನು ಏನೂ ಹೇಳುವುದಿಲ್ಲ ಎಂದ.

ಸೆಂಟರಿಗೆ ಮರಳಿದರೆ ಬಾಗಿಲಲ್ಲಿ ಪಂಚಾಯ್ತಿ ಸದಸ್ಯ ಲಕ್ಷ್ಮಣಪ್ಪ ನಿಂತಿದ್ದ. ನಿಂಗವ್ವ ಎಂಬ ಹೆಣ್ಣುಮಗಳು ಯಾವ ವಾರ್ಡಿನವಳು, ಕಾಣೆಯಾದ ವಿಷಯ ತನಗೇಕೆ ಮೊದಲು ತಿಳಿಸಲಿಲ್ಲ ಎಂದು ಕೇಳಿದ. ಅದು ಬರೀ ಕತೆ, ಅಂಥವಳು ಇಲ್ಲವೇ ಇಲ್ಲ ಎಂದು ಗೌರೀಶ ಕೈಮುಗಿದ. ಲಕ್ಷ್ಮಣಪ್ಪನ ಮುಖ ಇನ್ನಷ್ಟು ಗಂಟಿಕ್ಕಿತು.

"ಠರಾವು ಆಗಲಾರದ ಪಂಚಾಯ್ತಿ ಮೈಕಿನ್ಯಾಗ ಯಾರೂ ಊರು ಬಿಟ್ಟು ಹೋಗಂಗಿಲ್ಲ. ಅಕಿ ಸಂಜಿ ಅನ್ನೂದ್ರಾಗ ಮನಿಗೆ ಬರಬೇಕು. ಬರದು ಕೊಡು," ಎಂದು ಹೇಳಿ ಹೋದ.

ಅವನು ಹೋಗುವುದಕ್ಕೂ ಪಕ್ಕದ ಮನೆಯ ಹನಮಪ್ಪ ಬರುವುದಕ್ಕೂ ಸರಿಹೋಯಿತು. ಎಪ್ಪತ್ತರ ಮನುಷ್ಯ, ತಲೆಯ ಮೇಲೆ ಪಟಕ ಇರಲಿಲ್ಲ. ಹನಮಪ್ಪನನ್ನು ಬರಿತಲೆಯಲ್ಲಿ ಗೌರೀಶ ಅಂದೇ ಮೊದಲು ನೋಡಿದ್ದು.

"ಗೌರೀಶಾ, ನಮ್ಮಾಕಿ ಬಸ್ ಸ್ಟ್ಯಾಂಡಿಗೆ ಹೋಗಿ ಕುಂತಾಳ."

ನಡೆದದ್ದು ಇಷ್ಟು. ಹನಮಪ್ಪನ ಹೆಂಡತಿ ದುಂಡವ್ವ ಬಾಗಿಲಲ್ಲಿ ನಿಂತು ಮೈಕಿನ ಮಾತನ್ನು ಎರಡೂ ಸಲ ಪೂರ್ತಿ ಕೇಳಿದ್ದಳು. ಒಳಗೆ ಹೋಗಿ ಒಲೆ ಆರಿಸಿದಳು. ಟ್ರಂಕಿನಿಂದ ಆಧಾರ್ ಕಾರ್ಡು ತೆಗೆದುಕೊಂಡು ನಡೆದಳು. ಹಿಂದಿನ ಕಾಲವಾದರೆ ಮನೆ ಬಿಟ್ಟು ಹೋಗಲಿಕ್ಕೂ ಗಂಡನ ಹತ್ತಿರವೇ ಬಸ್ ಚಾರ್ಜು ಕೇಳಬೇಕಿತ್ತು, ಕೇಳುವಷ್ಟರಲ್ಲಿ ಸಿಟ್ಟು ಇಳಿಯುತ್ತಿತ್ತು. ಈಗ ಹೆಂಗಸರಿಗೆ ಕಾರ್ಡು ತೋರಿಸಿದರೆ ಸಾಕು. ಹನಮಪ್ಪನಿಗೆ ಹೆದರಿಕೆಯಾಗಿದ್ದು ಆ ಕಾರ್ಡಿನದೇ.

ಗೌರೀಶ ಬೈಕ್ ಹತ್ತಿದ. ದುಂಡವ್ವ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಒಂಬತ್ತರ ಹುಬ್ಬಳ್ಳಿ ಬಸ್ಸು ಆಗಷ್ಟೇ ಹೋಗಿತ್ತು. ಅದನ್ನು ಬೇಕೆಂದೇ ಬಿಟ್ಟಿದ್ದಳು.

"ಆಯಿ, ಅದು ನಿಮ್ಮ ಕತಿ ಅಲ್ಲರಿ," ಎಂದ ಗೌರೀಶ.

"ಐದರ ಬಸ್ಸಿನ ಮಟಾ ಕೂಡ್ತೀನಿ," ಎಂದಳು ದುಂಡವ್ವ, ಅವನು ಹೇಳಿದ್ದು ಕೇಳಿಸಲೇ ಇಲ್ಲವೆಂಬಂತೆ. "ಅಷ್ಟರಾಗ ನೀ ಕತಿ ಮುಗಸು. ಅಕಿ ಹತ್ತಿದ್ರ ನಾನೂ ಹತ್ತತೀನಿ."

ಇದುವರೆಗೆ ಗೌರೀಶನ ಕತೆ ಓದಿ ಯಾರೂ ಆಕಳಿಸಿದ್ದಕ್ಕಿಂತ ಹೆಚ್ಚಿನದೇನೂ ಮಾಡಿರಲಿಲ್ಲ. ಈಗ ಒಂದು ಸಂಸಾರ ಅವನ ಕೊನೆಯ ಪ್ಯಾರಾದ ಮೇಲೆ ನಿಂತಿತ್ತು. ಇಷ್ಟೆಲ್ಲ ಬರೆದು ಯಾರಿಗೆ ಕಳಿಸುತ್ತೀ ಎಂದು ದುಂಡವ್ವ ಕೇಳಿದಳು. ಅಂಥ ಸಂಕಟದಲ್ಲೂ ಅವನೊಳಗಿನ ಲೇಖಕ ಉಬ್ಬಿದ. ಸ್ಪರ್ಧೆಯ ವಿಷಯವನ್ನೆಲ್ಲ ವಿವರಿಸಿ, ಅವಳಿಗೂ ಹೊತ್ತು ಹೋಗಲೆಂದು 'ಕಿವಿಗತೆ'ಯವರ ಜಾಹೀರಾತನ್ನು ಅವಳ ಫೋನಿಗೆ ಕಳಿಸಿದ. ಅಳ್ನಾವರದ ಮಗಳಿಗೆ ದಿನಕ್ಕೆ ಹತ್ತು ಸಲ ದನಿ ಮುದ್ರಿಸಿ ಕಳಿಸುವ ದುಂಡವ್ವನಿಗೆ ಫೋನು ಹೊಸದೇನಲ್ಲ.

ಸೆಂಟರಿಗೆ ಬಂದು ಶಟರ್ ಎಳೆದುಕೊಂಡ. ಒಳಗೆ ಅವನು, ಹೊರಗೆ ಅರ್ಧ ಊರು. ನಿಂಗವ್ವ ಬಸ್ ಹತ್ತಿದಳು ಎಂದು ಟೈಪ್ ಮಾಡಿದ. ಹೊರಗೆ ಹನಮಪ್ಪ ಕೆಮ್ಮಿದ. ಅಳಿಸಿದ. ನಿಂಗವ್ವ ಮನೆಗೆ ಮರಳಿದಳು ಎಂದು ಟೈಪ್ ಮಾಡಿದ. ಅದನ್ನು ಹೊರಗಿನವರು ಹೇಗೆ ತಿಳಿದರೋ, ಶಗುಫ್ತಾಳ ಸಂಘದ ಹೆಂಗಸರು ಶಟರ್ ಬಡಿದರು. ಅದನ್ನೂ ಅಳಿಸಿದ. ಬಸ್ಸು ಪಂಕ್ಚರ್ ಆಯಿತು ಎಂದು ಬರೆದು ತಾನೇ ನಾಚಿಕೊಂಡ. ಕೃತಕ ಬುದ್ಧಿಯ ಆ್ಯಪನ್ನು ಕೇಳಿದರೆ ಅದು ಗಂಡ ಹೆಂಡತಿ ಇಬ್ಬರೂ ಆಪ್ತಸಲಹೆಗಾರರನ್ನು ಭೇಟಿಯಾಗಲಿ ಎಂದಿತು.

ಎರಡು ಗಂಟೆಯ ಹೊತ್ತಿಗೆ ಹನಮಪ್ಪನ ಕೆಮ್ಮು ನಿಂತಿತು. ಪಾಪ, ಮುದುಕ ಹಸಿದು ಮಲಗಿರಬೇಕು ಎಂದು ಗೌರೀಶ ಅಂದುಕೊಂಡ. ಮಧ್ಯಾಹ್ನದ ಬಿಸಿಲಿಗೆ ಜನವೂ ಕರಗಿದರು. ಆ ಶಾಂತಿಯಲ್ಲಿ, ನಾಲ್ಕೂವರೆಗೆ, ಅವನಿಗೆ ಕೊನೆ ಹೊಳೆಯಿತು. ನಿಂಗವ್ವನ ಒಂದು ಕಾಲು ಬಸ್ಸಿನಲ್ಲಿ, ಒಂದು ಕಾಲು ನೆಲದಲ್ಲಿ. ಗಾಳಿ ಬೀಸುತ್ತದೆ, ಎರೆಮಣ್ಣಿನ ಧೂಳು ಏಳುತ್ತದೆ. ಧೂಳು ಇಳಿದಾಗ ಬಸ್ಸೂ ಇಲ್ಲ, ನಿಂಗವ್ವನೂ ಇಲ್ಲ. ಹತ್ತಿದಳೋ ಮರಳಿದಳೋ ಓದುಗರೇ ತಿಳಿದುಕೊಳ್ಳಬೇಕು. ಇದರಲ್ಲಿ ಬದುಕಿನ ಅರ್ಥವೇ ಇದೆಯೆಂದು ಅವನಿಗೆ ಅನ್ನಿಸಿತು. ಯಾರೂ ತನ್ನನ್ನು ಹೊಡೆಯುವಂತಿಲ್ಲ ಎಂಬುದೂ ಒಂದು ಅನುಕೂಲವಾಗಿತ್ತು. ಕಂಪ್ಯೂಟರಿನ ಹೆಣ್ಣುದನಿಯಿಂದ ಓದಿಸಿ, ಐದಕ್ಕೆ ಮೂರು ನಿಮಿಷವಿರುವಾಗ ಕಳಿಸಿದ.

ಆಮೇಲೆ ದುಂಡವ್ವನ ನೆನಪಾಗಿ ಬೈಕಿಗೆ ಕಿಕ್ ಹೊಡೆದ. ಬಸ್ ಸ್ಟ್ಯಾಂಡು ಬಟಾಬಯಲಾಗಿತ್ತು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಹುಬ್ಬಳ್ಳಿ ರಸ್ತೆಯ ಕಡೆ ಬಸ್ಸಿನ ಧೂಳು ಇನ್ನೂ ಏಳುತ್ತಿತ್ತು. ತಾನು ಬರೆದ ಧೂಳು ಇಷ್ಟು ಭಯಂಕರವಾಗಿರುತ್ತದೆಂದು ಅವನಿಗೆ ಆವರೆಗೆ ಗೊತ್ತಿರಲಿಲ್ಲ. ಹನಮಪ್ಪಜ್ಜನಿಗೆ ಯಾವ ಮುಖ ತೋರಿಸಲಿ ಎಂದು ಕಣ್ಣಲ್ಲಿ ನೀರೇ ಬಂತು. ಬೈಕ್ ತಿರುಗಿಸಿ ನಿಧಾನಕ್ಕೆ ಅವರ ಮನೆಯ ಮುಂದೆ ಬಂದು ನಿಂತ.

ಪಡಸಾಲೆಯಲ್ಲಿ ಹನಮಪ್ಪ, ದುಂಡವ್ವ ಎದುರುಬದುರು ಕೂತು ಚಹಾ ಕುಡಿಯುತ್ತಿದ್ದರು. ಹನಮಪ್ಪನ ತಲೆಗೆ ಪಟಕ ಮರಳಿತ್ತು. ಗೌರೀಶನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಏನಾಯಿತು ಎಂದು ಕೇಳುವಷ್ಟರಲ್ಲಿ ಅವನ ಫೋನು ರಿಂಗಾಯಿತು. 'ಕಿವಿಗತೆ'ಯ ಸಂಪಾದಕಿ ಭಾಗ್ಯಾ ಮಾತಾಡುತ್ತಿದ್ದರು. ಅವನು ಹೊರಗೆ ಓಡಿಬಂದ.

ಭಾಗ್ಯಾ ಅವರ ದನಿ ತಣ್ಣಗಿತ್ತು. ಇದೇ ನಿಂಗವ್ವ, ಇದೇ ಉಪ್ಪು, ಇದೇ ಬಸ್ಸಿನ ಕತೆ ಅದೇ ಊರಿನಿಂದ ಮೂರೂವರೆಗೇ ಬಂದಿದೆ, ಕಳಿಸಿದವರು ದುಂಡವ್ವ ಎಂದರು. ಕತೆಗಳನ್ನು ಬಂದಂತೆಯೇ ಕೇಳುತ್ತಿದ್ದ ತೀರ್ಪುಗಾರರು ಮೂವರೂ ಇದನ್ನು ಕೇಳಿ ಕಣ್ಣೊರೆಸಿಕೊಂಡರಂತೆ. ನಾಳೆ ಪ್ರಕಟಿಸುವ ಮೊದಲ ಬಹುಮಾನ ಅವರಿಗೇ ಎಂದು ಬಹುತೇಕ ತೀರ್ಮಾನವೂ ಆಯಿತಂತೆ. ಒಂದೂವರೆ ಗಂಟೆ ತಡವಾಗಿ ಅದೇ ಕತೆಯನ್ನು ಯಂತ್ರದ ದನಿಯಲ್ಲಿ ಓದಿಸಿ, ಕೊನೆಗೆ ಧೂಳು ಎಬ್ಬಿಸಿ ಕಳಿಸಿದ್ದಕ್ಕೆ ಅವನು ಏನು ಹೇಳುತ್ತಾನೆ ಎಂದು ಕೇಳಿದರು. ಬೇಕಾದರೆ ನೀವೇ ಕೇಳಿ ಎಂದು ದುಂಡವ್ವನ ಕತೆಯ ಕೊನೆಯನ್ನು ಹಚ್ಚಿದರು.

"ನಿಂಗವ್ವ ಕಾಲು ಕೆಳಗ ತಗೊಂಡ್ಲು," ಎಂದಿತು ಫೋನಿನಲ್ಲಿ ದುಂಡವ್ವನ ದನಿ. "ಬಸ್ಸೂ ಹತ್ತಲಿಲ್ಲ, ಮನಿಗೂ ಹೋಗಲಿಲ್ಲ. ಕಟ್ಟಿ ಮ್ಯಾಲ ಸುಮ್ನ ಕುಂತ್ಲು. ಯಾರೂ ಚಾ ಮಾಡು ಅನ್ನಲಿಲ್ಲ, ನೀರು ಕೊಡು ಅನ್ನಲಿಲ್ಲ. ಐವತ್ತು ವರ್ಷದಾಗ ಅಷ್ಟೊತ್ತು ಅಕಿ ಎಂದೂ ಕುಂತಿರಲಿಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ ಗಂಡ ಬಂದ. ರೊಟ್ಟಿ, ಬದನಿಕಾಯಿ ಪಲ್ಯಾ ಕಟಗೊಂಡು ಬಂದಿದ್ದ, ತಾನ ಮಾಡಿದ್ದು. ಕೈ ಬೆರಳು ಸುಟಗೊಂಡಿದ್ದ. ಅಕಿ ಒಂದು ತುತ್ತು ಉಂಡ್ಲು. ಉಪ್ಪು ಹಾಕಿರಲೇ ಇಲ್ಲ. ಅಂವ ಮಾರಿ ನೋಡಕೋತ ನಿಂತಿದ್ದ. ಚಲೋ ಆಗೇತಿ ಅಂದ್ಲು."

ಗೌರೀಶನಿಗೆ ಮೊದಲು ಸಿಟ್ಟು ಬಂತು. ಆಮೇಲೆ ಹೊಟ್ಟೆಕಿಚ್ಚು ಬಂತು. ಆಮೇಲೆ, ಇಂಥ ಕೊನೆಯನ್ನು ತಾನು ಇನ್ನು ಹತ್ತು ಕಂಪ್ಯೂಟರ್ ಇಟ್ಟುಕೊಂಡರೂ ಬರೆಯಲಾರೆ ಎನ್ನಿಸಿ ಎದೆ ತುಂಬಿ ಬಂತು. ಇದು ತಮ್ಮ ಮನೆಯಲ್ಲಿ ನಡೆದದ್ದು ಎಂದು ದುಂಡವ್ವ ಹೇಳಿದ್ದಾರೆ, ನಿಜವೇ ಎಂದು ಭಾಗ್ಯಾ ಕೇಳಿದರು.

ಎರಡೂ ಮನೆಗಳ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಯ ಆಚೆಯ ಉಪ್ಪಿನ ಜಗಳವನ್ನು ಅವನು ಮೂರು ವರ್ಷ ಫೋನಿನಲ್ಲಿ ಟಿಪ್ಪಣಿ ಮಾಡಿಕೊಂಡಿದ್ದ.

"ಹೌದ್ರಿ," ಎಂದ ಗೌರೀಶ. "ಅವರ ಕತೀನ."

ಇನ್ನು ಮುಂದೆ ಅವನ ನಂಬರಿನಿಂದ ಕತೆ ಸ್ವೀಕರಿಸುವುದಿಲ್ಲ ಎಂದು ಸೌಜನ್ಯದಿಂದಲೇ ತಿಳಿಸಿ ಭಾಗ್ಯಾ ಫೋನ್ ಇಟ್ಟರು. ಈ ಸಲ ಭಾಗವಹಿಸಿದ ಪ್ರಮಾಣಪತ್ರವೂ ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ದುಂಡವ್ವ ಸೆಂಟರಿಗೆ ಬಂದಳು. ಕೈಯಲ್ಲಿ ಒಂದು ವಾಟಗದ ತುಂಬ ಪಲ್ಯ ಇತ್ತು. ಅದನ್ನು ಕೀಬೋರ್ಡಿನ ಪಕ್ಕಕ್ಕಿಟ್ಟು, ಅರ್ಜಿಯವರು ಕೂಡುವ ಕುರ್ಚಿಯಲ್ಲಿ ಕೂತಳು.

"ಆ ಹುಡುಗಿ ಫೋನ್ ಮಾಡಿದ್ಲು. ವಾರಕ್ಕೊಂದು ಕತಿ ಹೇಳಬೇಕಂತ, ಒಂದು ವರ್ಷ. ಬಾಯಿಲೆ ಹೇಳಿದ್ದಷ್ಟ ಸಾಲೂದಿಲ್ಲ, ಬರದದ್ದೂ ಬೇಕಂತ. ನಮ್ಮ ಗೌರೀಶ ಅದಾನಲಾ ಅಂದೆ."

ಐವತ್ತೆರಡು ವಾರ. ಗೌರೀಶ ಇಲ್ಲ ಎನ್ನಬೇಕೆಂದು ಬಾಯಿ ತೆರೆದ. ಆದರೆ ಬೆಳಗ್ಗೆಯಿಂದ ಅವನು ಏನೂ ಉಂಡಿರಲಿಲ್ಲ, ಪಲ್ಯದ ವಾಸನೆ ಬರುತ್ತಿತ್ತು. ಹೊಸ ಕಡತ ತೆರೆದು, ಹೇಳ್ರಿ ಆಯಿ ಎಂದ.

ದುಂಡವ್ವ ಸೆರಗು ಸರಿಮಾಡಿಕೊಂಡು ಗಂಟಲು ಸರಿಪಡಿಸಿಕೊಂಡಳು.

"ಬರಕೋ. ಒಂದೂರಾಗ ಒಬ್ಬ ಹುಡುಗ ಇದ್ದ. ಮೂವತ್ತು ವರ್ಷ ಆಗಿತ್ತು, ಇನ್ನೂ ಲಗ್ನ ಆಗಿರಲಿಲ್ಲ. ದಿನಾ ಬಾಜೂ ಮನಿ ಗ್ವಾಡಿಗೆ ಕಿವಿ ಹಚ್ಚಿ ಕೂಡ್ತಿದ್ದ."

ಗೌರೀಶನ ಬೆರಳು ನಿಂತವು. ದುಂಡವ್ವ ಅವನ ಭುಜ ತಟ್ಟಿದಳು.

"ಬರಿಯಪಾ, ಅಂಜಬ್ಯಾಡ. ಹೆಸರು ಬ್ಯಾರೆ ಇಡ್ತೀನಿ."