‘ಇರ್ಲಿ ಬುಡು’ ಎಂಬ ಗುಂಡಿ

ನಮ್ಮ ದೊಡ್ಡಮ್ಮನಿಗೆ ‘ಬೇಡ’ ಎನ್ನಲು ಬರುವುದಿಲ್ಲ. ಇದನ್ನು ಹೊಗಳಿಕೆ ಎಂದುಕೊಂಡಿರಾದರೆ ನೀವು ಆಕೆಯ ಕಂಪ್ಯೂಟರನ್ನು ನೋಡಿಲ್ಲ!

ಮಧುಗಿರಿಯ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್, ಅದರ ಪಕ್ಕದಲ್ಲಿ ಆ ಕಂಪ್ಯೂಟರ್. ಬ್ಲೌಸ್ ಹೊಲಿಸಲು ಬಂದವರಿಗೆ ಡಿಸೈನ್ ತೋರಿಸಲೆಂದು ನಾನೇ ಅದನ್ನು ಇಟ್ಟುಕೊಟ್ಟಿದ್ದೆ. ಇಟ್ಟ ದಿನ ಅದು ಬಹಳ ಸಭ್ಯವಾಗಿತ್ತು. ತೆರೆದರೆ ನಡುವೆ ಒಂದು ಖಾಲಿ ಪೆಟ್ಟಿಗೆ. ಬೇಕಾದ್ದನ್ನು ಬರೆದರೆ ಹುಡುಕಿಕೊಡುತ್ತಿತ್ತು. ಈಗ ತೆರೆದರೆ ಜಾತಕ ಹೇಳುವವನು, ಕೂದಲೆಣ್ಣೆ ಮಾರುವವನು, ಯಾವುದೋ ದೇಶದ ಹವಾಮಾನ ತಿಳಿಸುವವನು ಎಲ್ಲರೂ ಒಟ್ಟಿಗೆ ಎದ್ದು ನಿಲ್ಲುತ್ತಾರೆ. ಹುಡುಕುವ ಪೆಟ್ಟಿಗೆಯನ್ನು ಹುಡುಕಲು ಇನ್ನೊಂದು ಕಂಪ್ಯೂಟರ್ ತರಬೇಕು!

ಆಗುವುದು ಇಷ್ಟೇ. ದೊಡ್ಡಮ್ಮ ಯಾವುದೋ ಚಿತ್ರ ಒತ್ತುತ್ತಾಳೆ. ‘ಈ ಎಕ್ಸ್‌ಟೆನ್ಶನ್ ಸೇರಿಸಲೇ?’ ಎಂದು ಒಂದು ಚೌಕ ಎದ್ದು ಕೇಳುತ್ತದೆ. ಎಕ್ಸ್‌ಟೆನ್ಶನ್ ಎಂದರೆ ಬ್ರೌಸರಿಗೆ ಅಂಟಿಕೊಂಡು ಬದುಕುವ ಪುಟ್ಟ ಪ್ರೋಗ್ರಾಂ. ಒಳ್ಳೆಯವೂ ಇವೆಯಂತೆ, ನಮ್ಮ ಮನೆಗೆ ಒಂದೂ ಬಂದಿಲ್ಲ. ಬಂದದ್ದು ಮೊದಲು ಮಾಡುವ ಕೆಲಸವೆಂದರೆ ಇದ್ದ ಹುಡುಕುವ ಪುಟವನ್ನು ಎತ್ತಿ ಹೊರಗಿಟ್ಟು ತನ್ನದನ್ನು ಹಾಸಿಕೊಳ್ಳುವುದು. ಬ್ರೌಸರಿಗೇ ಕರುಳು ಚುರ್ರೆನ್ನುತ್ತದೆ. ‘ನಿಮ್ಮ ಹುಡುಕುವ ಪುಟ ಬದಲಾಗಿದೆ. ಹಳೆಯದನ್ನೇ ತರಲೇ, ಇದೇ ಇರಲೇ?’ ಎಂದು ಕೊನೆಯ ಸಲ ಕೈಮುಗಿದು ಕೇಳುತ್ತದೆ.

“ಇರ್ಲಿ ಬುಡು” ಎಂದು ದೊಡ್ಡಮ್ಮ ಒತ್ತುತ್ತಾಳೆ.

“ಯಾಕ್ ಒತ್ತಿದೆ ದೊಡ್ಡಮ್ಮ?”

“ಕೇಳ್ತಲ್ಲಮ್ಮ!”

“ಕೇಳಿದ್ರೆ ಬೇಡ ಅನ್ನು.”

“ಬಾಗ್ಲಾಗೆ ನಿಂತ್ಕಂಡು ‘ಬರ್ಲಾ’ ಅಂದೋರ್ಗೆ ಬ್ಯಾಡ ಅಂತಾರೇನಮ್ಮ? ಓದ್ದೋಳಾಗಿ ಇಂಗಂತೀಯಲ್ಲ!”

ನಾನೋ, ಫೋನಿಗೆ ಬೀಗ ಹಾಕಿ ಆ ಬೀಗಕ್ಕೆ ಇನ್ನೊಂದು ಬೀಗ ಹಾಕುವವಳು. ‘ಊಟ ಆಯ್ತಾ’ ಎಂದವರಿಗೂ ಅಳೆದು ಉತ್ತರಿಸುವವಳು. ನನ್ನ ಹಣೆಯಲ್ಲಿ ಈ ದೊಡ್ಡಮ್ಮ!

ಒಮ್ಮೆ ಶಿರಾದಿಂದ ನಸೀಮಕ್ಕ ಬಂದಿದ್ದರು. ತಂಗಿಯ ಮದುವೆಗೆ ತಾವು ತೊಡಲು ಬ್ಲೌಸ್ ಹೊಲಿಸಬೇಕಿತ್ತು. ದೊಡ್ಡಮ್ಮ ‘ಮದುವೆ ಬ್ಲೌಸ್’ ಎಂದು ಬರೆದಳು. ತೆರೆಯ ತುಂಬ ಕೋಟು ಹಾಕಿದ ಗಂಡುಗಳು ನಗುತ್ತ ನಿಂತರು!

“ಅರೆ, ದುಲ್ಹಾ ಆಗ್ಲೇ ಸಿಕ್ಕವ್ನೆ ಕಣಕ್ಕಾ” ಎಂದರು ನಸೀಮಕ್ಕ. “ನಂಗೆ ಬ್ಲೌಸ್ ತೋರ್ಸು!”

“ಇರು ನಸೀಮಾ, ಈ ನೀಲಿ ಕೋಟಿನವ್ನ ಪಕ್ಕದಾಗೆ ಒಬ್ಳು ನಿಂತವ್ಳಲ್ಲ, ಅವ್ಳ ತೋಳು ನೋಡು. ಎಂಗೈತೆ?”

ಆ ತೋಳನ್ನೇ ಹೊಲಿದಳು. ಮದುವೆಗೆ ಬಂದವರೆಲ್ಲ ಮೆಚ್ಚಿ, ಶಿರಾದಿಂದ ಇನ್ನಷ್ಟು ಗಿರಾಕಿಗಳು ಬಂದರು. ನನ್ನ ವಾದಕ್ಕೆ ಇದ್ದ ಒಂದೇ ಕಾಲೂ ಮುರಿಯಿತು.

ಸರಿ, ತೆಗೆದುಹಾಕೋಣವೆಂದರೆ ಅದಾದರೂ ಸುಲಭವೇ? ಒಂದನ್ನು ತೆಗೆದೊಡನೆ ಅಳುವ ಮುಖವಿರುವ ಪುಟವೊಂದು ತೆರೆದುಕೊಂಡು ‘ನಮ್ಮಿಂದ ಏನು ತಪ್ಪಾಯಿತು?’ ಎಂದು ಕೇಳಿತು. ನಾನು ಓದಿ ಹೇಳಬಾರದಿತ್ತು. ದೊಡ್ಡಮ್ಮ ಸೂಜಿಯನ್ನು ಕೆಳಗಿಟ್ಟಳು.

“ನೋಡು, ಅಳ್ತೈತೆ. ಪಾಪ, ವಾಪಸ್ ಹಾಕ್ಬುಡಮ್ಮ.”

ಇಂಥವಳನ್ನು ಏನು ಮಾಡುತ್ತೀರಿ?

ಹೀಗಿರುವಾಗಲೇ ನನಗೆ ಪಾವಗಡದ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಅಲ್ಲೇ ರೂಮು ಮಾಡಬೇಕು. ಖುಷಿಪಡುವ ಬದಲು ನನ್ನ ನಿದ್ದೆ ಕೆಟ್ಟಿತು. ಇವತ್ತು ಹುಡುಕುವ ಪುಟ ಕೇಳಿದವರು ನಾಳೆ ಬ್ಯಾಂಕಿನ ಪಾಸ್‌ವರ್ಡ್ ಕೇಳಿದರೆ? ‘ಇರ್ಲಿ ಬುಡು’ ಎಂದು ಕೊಟ್ಟು, ಕಾಫಿ ಕುಡಿದು ಹೋಗಿ ಎನ್ನುವವಳು ಈಕೆ! ಹೊರಡುವುದರೊಳಗೆ ಆಕೆಯ ಬಾಯಲ್ಲಿ ಒಂದೇ ಒಂದು ‘ಬೇಡ’ ಹೇಳಿಸಿಯೇ ತೀರುತ್ತೇನೆಂದು ಹಟ ತೊಟ್ಟೆ.

ಎದುರು ಕುರ್ಚಿ ಎಳೆದುಕೊಂಡು ಕುಳಿತೆ. “ನಾನೀಗ ಎಕ್ಸ್‌ಟೆನ್ಶನ್. ನನ್ನನ್ನ ಸೇರಿಸ್ಕೊಳ್ತೀಯಾ?”

“ಬಾರಮ್ಮ.”

“ದೊಡ್ಡಮ್ಮ! ನಾನು ಕಳ್ಳ ಎಕ್ಸ್‌ಟೆನ್ಶನ್!”

“ಆದ್ರೇನು, ನಮ್ಮುಡ್ಗಿ ತಾನೆ?”

“ಬ್ಯಾಡ ಅನ್ನು! ಒಂದೇ ಸಲ!”

ಆಕೆ ಬಾಯಿ ತೆರೆದಳು, ಮುಚ್ಚಿದಳು. “ಬಾಯಿಗೇ ಬರಲ್ಲ ಕಣಮ್ಮ.”

ಹೊರಡುವ ದಿನದವರೆಗೂ ಬರಲಿಲ್ಲ. ನಾನು ಕೈಚೆಲ್ಲಿದೆ.

ಆ ಬೆಳಿಗ್ಗೆ ಬ್ಯಾಗು ಹಿಡಿದು ಬಾಗಿಲಿಗೆ ಬಂದಾಗ ಕಾಲು ಯಾಕೋ ನಿಂತಿತು. ಹೈಸ್ಕೂಲು ಮುಗಿಸಿ ಊರಿಂದ ಬಂದವಳು ಇದೇ ಬಾಗಿಲಲ್ಲಿ ಇಂಥದೇ ಬ್ಯಾಗು ಹಿಡಿದು ನಿಂತಿದ್ದೆ. ಉಳಿದ ನೆಂಟರೆಲ್ಲ ‘ನೋಡೋಣ’ ಎಂದಿದ್ದರು. “ಹಾಸ್ಟೆಲ್ ಸಿಗೋವರೆಗೂ ಇರ್ಲಾ ದೊಡ್ಡಮ್ಮ?” ಎಂದಿದ್ದೆ. ಹಾಸ್ಟೆಲ್ ಸಿಗಲಿಲ್ಲ, ಆಮೇಲೆ ನಾವಿಬ್ಬರೂ ಹುಡುಕಲೂ ಇಲ್ಲ. ನನಗೆ ಸೇರದೆಂದು ರಾತ್ರಿಯ ಮುದ್ದೆ ಚಪಾತಿಯಾಯಿತು. ನನ್ನ ಓದಿಗಾಗಿ ಟಿವಿ ಬಾಯಿ ಮುಚ್ಚಿತು. ಕಿಟಕಿ ಪಕ್ಕದ ಆಕೆಯ ಮಂಚ ನನ್ನದಾಯಿತು. ಆ ಮನೆಯ ಸೆಟ್ಟಿಂಗನ್ನು ಮೊದಲು ಬದಲಿಸಿದ್ದು ಯಾವ ಎಕ್ಸ್‌ಟೆನ್ಶನ್ ಎಂದು ನನಗೆ ಆವತ್ತು ಹೊಳೆಯಿತು.

ಯಾರಿಗೂ ಏನನ್ನೂ ಸುಲಭಕ್ಕೆ ಹೇಳದ ನಾನು ಕೇಳಿಬಿಟ್ಟೆ. “ಹೋಗದೇ ಇಲ್ಲೇ ಇದ್ದುಬಿಡ್ಲಾ ದೊಡ್ಡಮ್ಮ?”

ಉತ್ತರ ಗೊತ್ತಿತ್ತು. ಅದಕ್ಕೇ ಕೇಳಿದ್ದು.

ಮೆಷಿನ್ನಿನ ಸದ್ದು ನಿಂತಿತು. ದೊಡ್ಡಮ್ಮ ಎದ್ದು ಬಂದಳು.

“ಬ್ಯಾಡ” ಎಂದಳು.

ಎಷ್ಟು ಸ್ಪಷ್ಟವಾಗಿ! ಆಕೆಯ ಬೆನ್ನ ಹಿಂದೆ ಕಂಪ್ಯೂಟರಿನಲ್ಲಿ ಚೌಕವೊಂದು ಎದ್ದು ಏನೋ ಕೇಳುತ್ತಿತ್ತು. ತಿರುಗಿಯೂ ನೋಡಲಿಲ್ಲ. “ನಡಿ, ಬಸ್ಸು ಹೊಂಟೋಯ್ತದೆ” ಎಂದು ನನ್ನ ಬ್ಯಾಗನ್ನು ತಾನೇ ಎತ್ತಿ ಹೊಸ್ತಿಲ ಆಚೆ ಇಟ್ಟಳು.

ಇಟ್ಟವಳು ಅದರ ಹಿಡಿಯನ್ನು ಮಾತ್ರ ಬಿಡಲಿಲ್ಲ.