ಎರಡನೇ ಏಳು

ಮಾವ: ಸಂಖ್ಯೇನೇ ಇಲ್ದಿರೋ ಹಾಡನ್ನ ಹಲಗೆ ಮೇಲೆ ಹೇಗೆ ಹಾಕ್ಲಿ?

ಸೊಸೆ: ಹಲಗೆ ಬೇಡ ಮಾವ. ಹೊಸ ಹಾಡಿಗೆ ಪರದೆ ಮೇಲೆ ಪದಗಳೇ ಬರುತ್ತೆ.

ಮಾವ: ಪರದೇನ ಎಲ್ಲಿ ತೂಗುಹಾಕ್ತೀರಿ?

ಸೊಸೆ: ಹಲಗೆ ಇರೋ ಮೊಳೆಗೆ.

ಮಾವ: ಹಲಗೆ?

ಸೊಸೆ: ಉಗ್ರಾಣಕ್ಕೆ.

ಮಾವ: ನಾನು?

ಸೊಸೆ ಕೀರ್ತನೆ ಪುಸ್ತಕದ ಹಾಳೆ ತಿರುವತೊಡಗಿದಳು. ಚರ್ಚಿನ ಗಂಟೆ ಹೊಡೆಯುವುದು, ಕಸ ಗುಡಿಸುವುದು, ಆ ದಿನ ಹಾಡುವ ಕೀರ್ತನೆಗಳ ಸಂಖ್ಯೆಯನ್ನು ಮರದ ಅಂಕಿಗಳಲ್ಲಿ ಹಲಗೆಗೆ ಸಿಕ್ಕಿಸುವುದು, ಇವು ಮೂವತ್ತೆಂಟು ವರ್ಷದಿಂದ ಮಾವನ ಕೆಲಸ. ಹೋದ ವರ್ಷ ಗಂಟೆಗೆ ಮೋಟಾರು ಬಂತು, ಆಮೇಲೆ ಕಸಕ್ಕೆ ಯಂತ್ರ ಬಂತು. ಉಳಿದದ್ದು ಹಲಗೆಯೊಂದೇ. ಸೊಸೆ ಗಾಯನ ತಂಡದ ಮುಖ್ಯಸ್ಥೆ. ನಾಳೆಯ ಕೊನೆಯ ಹಾಡು ಹಳೆಯದೋ ಹೊಸದೋ ನೀವೇ ತೀರ್ಮಾನಿಸಿ ಎಂದು ಸಭಾಪಾಲಕರು ಜಾಣತನದಿಂದ ಊಟಕ್ಕೆ ಹೋಗಿದ್ದರು.

ಸೊಸೆ: ಹಳೇ ಕೀರ್ತನೆ ಶುರುವಾದ್ರೆ ಹುಡುಗರು ಆಕಳಿಸ್ತಾರೆ.

ಮಾವ: ಆಕಳಿಸ್ಲಿ. ಬಾಯಿ ತೆರೆದೇ ಇರುತ್ತಲ್ಲ, ಹಾಡೋಕೆ ಅನುಕೂಲ.

ಸೊಸೆ: ಪುಸ್ತಕದಲ್ಲಿ ನಾನೂರಿವೆ, ನಾವು ಹಾಡೋದು ಅದೇ ನಲವತ್ತು. ಸರಿ, ಹಳೇದೇ ಆಗ್ಲಿ, ಆದ್ರೆ ಕೇಳಿಲ್ಲದ್ದು ಇರ್ಲಿ. ಎಪ್ಪತ್ತೇಳು?

ಮಾವ: ಅದು ಬೇಡ.

ಸೊಸೆ: ನೂರ ಎಪ್ಪತ್ತೇಳು?

ಮಾವ: ತುಂಬ ದುಃಖದ್ದು.

ಸೊಸೆ: ಮದುವೆ ಹಾಡು ಮಾವ ಅದು.

ಮಾವ: ಅದನ್ನೇ ಹೇಳಿದ್ದು.

ಸೊಸೆ: ಇನ್ನೂರ ಎಪ್ಪತ್ತೇಳು?

ಮಾವ: ಅದನ್ನ ಹಾಡೋ ಪದ್ಧತಿ ನಮ್ಮಲ್ಲಿಲ್ಲ.

ಸೊಸೆಗೆ ಏನೋ ಹೊಳೆಯಿತು. ಅಂಕಿಗಳ ಪೆಟ್ಟಿಗೆಯನ್ನು ಮೇಜಿನ ಮೇಲೆ ಸುರಿದಳು. ಬೇರೆ ಅಂಕಿಗಳೆಲ್ಲ ಎರಡು ಮೂರಿದ್ದವು.

ಸೊಸೆ: ಏಳು, ಮಾವ.

ಮಾವ: ಮದುವೆಯಾಗಿ ಎಂಟು ವರ್ಷಕ್ಕೆ ಏಕವಚನಕ್ಕೆ ಇಳಿದ್ಯಾ?

ಸೊಸೆ: ಅಂಕಿ ಏಳು. ಒಂದೇ ಇದೆ. ಇನ್ನೊಂದೆಲ್ಲಿ?

ಮಾವ ಕಿಟಕಿಯ ಕಡೆ ತಿರುಗಿದರು.

ಮಾವ: ನಿನ್ನ ಗಂಡ ತಿಂದ.

ಸೊಸೆ: ಯಾವಾಗ?

ಮಾವ: ಹಲ್ಲು ಬರೋವಾಗ. ಅಳು ನಿಲ್ಲಲಿ ಅಂತ ನಾನೇ ಕೈಗೆ ಕೊಟ್ಟೆ. ಅರ್ಧ ವಾಪಸ್ ಬಂತು.

ಆಗಿನ ಸಭಾಪಾಲಕರು ಎಪ್ಪತ್ತೇಳು ಹಾಕಿ ಎಂದಾಗ, ಮಗ ತಿಂದ ಎನ್ನಲು ಮಾವನಿಗೆ ನಾಚಿಕೆಯಾಗಿ, ಆ ಪದ್ಧತಿ ನಮ್ಮಲ್ಲಿಲ್ಲ ಎಂದುಬಿಟ್ಟರಂತೆ. ಸಭಾಪಾಲಕರು ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದೂ ಬಿಟ್ಟರಂತೆ. ಆಮೇಲೆ ಹೊಸ ಏಳು ಮಾಡಿಸಿದರೆ ಸುಳ್ಳು ಬಯಲಾಗುತ್ತಿತ್ತು. ಹೀಗೆ ಎರಡು ಏಳಿರುವ ಕೀರ್ತನೆಗಳು ಮೂವತ್ತೈದು ವರ್ಷ ಯಾರ ಕಿವಿಗೂ ಬೀಳಲಿಲ್ಲ. ಸಭೆ ಇದನ್ನು ಸಂಪ್ರದಾಯವೆಂದು ನಂಬಿಕೊಂಡು ಬಂದಿತ್ತು.

ಸೊಸೆಗೆ ನಗು ಬಂದಿತ್ತು. ಆದರೆ ಅಂಕಿಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ತುಂಬುತ್ತಿದ್ದ ಮಾವನ ಕೈ ನೋಡಿ ಅದನ್ನು ನುಂಗಿಕೊಂಡಳು.

ಸೊಸೆ: ಅಂದ್ರೆ ಎಪ್ಪತ್ತೇಳರ ರಾಗ ಯಾರಿಗೂ ಗೊತ್ತಿಲ್ಲ.

ಮಾವ: ಗೊತ್ತಿದ್ದವರೆಲ್ಲ ಮೇಲೆ ಹೋಗಿ ಹಾಡ್ತಿದ್ದಾರೆ.

ಸೊಸೆ: ಹಾಗಾದ್ರೆ ಗಿಟಾರ್ ಹಿಡಿದು ಹೊಸ ರಾಗ ಹಾಕ್ತೀನಿ. ತಪ್ಪು ಅನ್ನೋರು ಯಾರೂ ಇಲ್ಲ. ಹುಡುಗರಿಗೆ ಹೊಸದು, ನಿಮಗೆ ಹಳೇದು. ಸಂಖ್ಯೆ ಇದೆಯಲ್ಲ, ಪರದೆ ಬೇಡ, ಹಲಗೆ ಅಲ್ಲೇ ಇರ್ಲಿ.

ಮಾವ ಕೈಲಿದ್ದ ಒಂದೇ ಏಳನ್ನು ಮೇಜಿನ ಮೇಲಿಟ್ಟರು.

ಮಾವ: ಎರಡನೇ ಏಳು?

ಸೊಸೆ: ನಿಮ್ಮ ಮಗ ಬಡಗಿ ತಾನೆ, ತಿಂದವರೇ ಕೆತ್ತಿ ತರ್ಲಿ. ಕೊನೇ ಹಾಡಿನ ಹೊತ್ತಿಗೆ ಬಂದ್ರೆ ಸಾಕು.

ಮಾವ: ಭಾನುವಾರ ಏಳ್ತಾನಾ ಅವನು?

ಸೊಸೆ: ಆರಾಧನೆ ಅರ್ಧ ಮುಗಿದ ಮೇಲೆ ಏಳ್ತಾರೆ.

ಮಾವ: ಇನ್ನೇನು ಮಾಡ್ತಾನೆ, ಹೊಟ್ಟೆಯೊಳಗಿರೋದು ಅರ್ಧ ಏಳು ತಾನೆ.